ಸಂಪಾದಕರ ಉತ್ತರ: ಆ ಕೆಸರಿಗೆ ಗಜನಿ ಅಂತಾರೆ ಸರ್

ದಾವಣಗೆರೆಯಿಂದ ಪತ್ರ ಬರೆದಿರೋ ಸರ್‌ಗೆ ನಮಸ್ಕಾರ. ಶಿವರಾತ್ರಿಗೆ ಮನೆಯವರನ್ನೆಲ್ಲ ಕರ್ಕೊಂಡು ಗೋಕರ್ಣಕ್ಕೆ ಹೋಗಿದ್ರಿ, ಹೋಗೋವಾಗ ಮಿರ್ಜಾನ್ ಹತ್ರ ಹೊಳೆ ಸೇತುವೆ ದಾಟಿದ್ರಿ, ಮರುದಿನ ತದಡಿವರೆಗೂ ಒಂದು ಸುತ್ತು ಹಾಕಿದ್ರಿ ಅಂತ ಬರೆದಿದೀರಿ. "ದಾರಿಯುದ್ದಕ್ಕೂ ನೂರಾರು ಎಕರೆ ಬರೀ ಕೆಸರು, ಉಪ್ಪುನೀರು, ಪಾಳು ಬಿದ್ದಿದೆ, ಅಲ್ಲೊಂದು ದೊಡ್ಡ ಬಂದರೋ ಫ್ಯಾಕ್ಟರಿನೋ ಬಂದ್ರೆ ಆ ಊರಿನ ಹುಡುಗರು ಗೋವಾ, ಮುಂಬೈ ಅಂತ ಅಲೆಯೋದು ತಪ್ಪುತ್ತಲ್ವಾ" ಅಂತ ಒಂದು ಪ್ರಶ್ನೆ, ಸೊಂಟದ ಮಟ್ಟ ನೀರಲ್ಲಿ ನಿಂತಿದ್ದ ಹೆಂಗಸರು ಏನು ಹುಡುಕ್ತಿದ್ರು ಅನ್ನೋದು ಇನ್ನೊಂದು. ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸು ಬರಲಿಲ್ಲ, ಯಾಕಂದ್ರೆ ಆ ಹೊಳೆ ದಂಡೆ ನಾನು ತುಂಬಾ ಸಲ ಓಡಾಡಿರೋ ಜಾಗ, ನನಗೆ ಬಹಳ ಇಷ್ಟದ ಜಾಗ.

ಮೊದಲು ಹೊಳೆ ವಿಷಯ. ನೀವು ದಾಟಿದ್ದು ಅಘನಾಶಿನಿ. ಶಿರಸಿ ಸೀಮೆಲಿ ಹುಟ್ಟಿ, ಉಂಚಳ್ಳಿಲಿ 116 ಮೀಟರ್ ಕೆಳಗೆ ಹಾರಿ, ಘಟ್ಟ ಇಳಿದು ಕುಮಟಾ ತಾಲೂಕಲ್ಲಿ ಸಮುದ್ರ ಸೇರುತ್ತೆ. ಪಕ್ಕದ ಶರಾವತಿ, ಕಾಳಿ ಎರಡಕ್ಕೂ ಡ್ಯಾಂ ಮೇಲೆ ಡ್ಯಾಂ ಬಂತು, ಈ ಹೊಳೆಗೆ ಮಾತ್ರ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರು, ಮಣ್ಣು, ಕೊಳೆತ ತರಗೆಲೆ ಎಲ್ಲ ಯಾರ ತಡೆನೂ ಇಲ್ದೆ ಕೆಳಗೆ ಬರುತ್ತೆ, ಬೇಸಿಗೆಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಒಳಗೆ ಏರಿ ಇಳಿತದಲ್ಲಿ ವಾಪಸ್ ಹೋಗುತ್ತೆ. ನೀವು ಕಂಡ ಕೆಸರು ಇದೇ ಹೋಗಿ ಬರೋ ನೀರು ತಂದು ಹಾಕಿದ್ದು. ತೆಂಕು ದಂಡೆಲಿ ಅಘನಾಶಿನಿ ಅನ್ನೋ ಊರು, ಬಡಗು ದಂಡೆಲಿ ತದಡಿ, ಮಧ್ಯ ಬಾರ್ಜ್ ಓಡಾಡುತ್ತೆ, ಜನ ಬೈಕ್ ಸಮೇತ ಹತ್ತಿ ದಾಟ್ತಾರೆ. ಹೊಳೆ ನಡುವೆ ಐಗಳಕುರ್ವೆ ಇದೆ. ಕುರ್ವೆ ಅಂದ್ರೆ ನಡುಗಡ್ಡೆ, ಸುತ್ತಲೂ ನೀರಿಟ್ಕೊಂಡು ಅಲ್ಲೂ ಜನ ಬಾಳುವೆ ಮಾಡ್ತಿದ್ದಾರೆ.

ನೀವು ಪಾಳು ಅಂದಿರಲ್ಲ, ಆ ಜಾಗಕ್ಕೆ ಅಲ್ಲಿ ಗಜನಿ ಅಂತಾರೆ. ಅದು ಗದ್ದೆ ಸರ್, ಉಪ್ಪುನೀರಿನ ಗದ್ದೆ. ನೀವು ಹೋಗಿದ್ದು ಬೇಸಿಗೆ ಶುರುವಾಗೋ ಹೊತ್ತಲ್ಲಿ, ಆಗ ಅಲ್ಲಿ ನೀರು ಬಿಟ್ಟು ಮೀನು, ಶೆಟ್ಲಿ (ನಿಮ್ಮ ಕಡೆ ಸಿಗಡಿ ಅಂತೀರಿ) ಹಿಡಿಯೋ ಕಾಲ, ಹಂಗಾಗಿ ನಿಮಗೆ ಕೆಸರೇ ಕಂಡಿದೆ. ಜೂನಲ್ಲಿ ಹೋಗಿದ್ರೆ ಬೇರೆನೇ ಕಾಣ್ತಿತ್ತು. ಹೊರಗಡೆ ಉದ್ದಕ್ಕೆ ಒಂದು ಕಟ್ಟೆ, ಅದರಲ್ಲಿ ಅಲ್ಲಲ್ಲಿ ಹಲಗೆ ಬಾಗಿಲು, ಮಳೆ ಹಿಡಿದ ಕೂಡ್ಲೆ ಬಾಗಿಲು ಹಾಕಿ ಸಮುದ್ರದ ನೀರು ತಡೀತಾರೆ, ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಅಂದ್ರೆ ಆ ಮಣ್ಣಿಗೇ ಒಗ್ಗಿದ ತಳಿ, ಆಳೆತ್ತರ ಬೆಳೆಯುತ್ತೆ, ನೆರೆ ಬಂದು ದಿನಗಟ್ಟಲೆ ನೀರಲ್ಲಿ ಮುಳುಗಿದ್ರೂ ಕೊಳೆಯಲ್ಲ, ಒಂದಿಷ್ಟು ಉಪ್ಪು ತಾಗಿದ್ರೂ ಸಾಯಲ್ಲ, ಗೊಬ್ಬರ ಔಷಧಿ ಏನೂ ಕೇಳಲ್ಲ. ಕೊಯ್ಯೋವಾಗ ತೆನೆ ಮಾತ್ರ ಕೊಯ್ದು ಹುಲ್ಲು ಅಲ್ಲೇ ಬಿಡ್ತಾರೆ. ಆಮೇಲೆ ಬಾಗಿಲು ತೆಗೆದ್ರೆ ಉಬ್ಬರದ ಜೊತೆ ಮೀನುಮರಿ, ಶೆಟ್ಲಿ ಮರಿ ಒಳಗೆ ಬಂದು ಆ ಕೊಳೆತ ಹುಲ್ಲಲ್ಲೇ ಮೇಯ್ತವೆ. ಒಂದೇ ನೆಲ, ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ಇದು ಅರ್ಥ ಆಗೋಕೆ ಬಹಳ ವರ್ಷ ಹಿಡೀತು. ಕಟ್ಟೆ ಒಂದೇ, ಗದ್ದೆ ನೂರಾರು ಜನರದ್ದು. ಏಡಿ ಕೊರೆದ ಒಂದು ತೂತು ದೊಡ್ಡದಾದ್ರೆ ಎಲ್ಲರ ಬೆಳೆನೂ ಹೋಯ್ತು. ಹಂಗಾಗಿ ಕಗ್ಗನ ಒಬ್ಬರೇ ಬೆಳೆಯೋಕೆ ಆಗಲ್ಲ, ಕಟ್ಟೆಗೆ ಮಣ್ಣು ಹಾಕೋದರಿಂದ ಹಿಡಿದು ಬಾಗಿಲು ಕಾಯೋವರೆಗೆ ಊರೇ ಸೇರಬೇಕು. ಆಮೇಲೆ ಮಣ್ಣಿನ ಕಟ್ಟೆ ಬದಲು ಸರ್ಕಾರದಿಂದ ಗಟ್ಟಿ ಕಟ್ಟೆ ಬಂತು, ಅದರ ಹಿಂದೆನೇ ವರ್ಷಪೂರ್ತಿ ಸಿಗಡಿ ಸಾಕಾಣಿಕೆ ಬಂತು, ದುಡ್ಡು ಕಂಡಿತು, ನಾಲ್ಕು ಜನ ಮಳೆಗಾಲದಲ್ಲೂ ಉಪ್ಪುನೀರು ಒಳಗೆ ಬಿಟ್ರೆ ಪಕ್ಕದವನು ಭತ್ತ ಬಿತ್ತೋದು ಎಲ್ಲಿ? 1990ರ ದಶಕದಲ್ಲಿ ನಮ್ಮ ದೇಶದ ಕರಾವಳಿಲೆಲ್ಲ ಸಿಗಡಿಗೆ ವೈರಸ್ ರೋಗ ಬಂದು ತುಂಬಾ ಜನ ಸಾಲಕ್ಕೆ ಬಿದ್ರು, ಇತ್ತ ಬೀಜದ ಭತ್ತನೂ ಕೈಬಿಟ್ಟು ಹೋಗ್ತಾ ಬಂತು. ಮಾಣಿಕಟ್ಟಾ ಗಜನಿಲಿ ಮಾತ್ರ ರೈತರು ಸಂಘ ಮಾಡ್ಕೊಂಡು ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ದು ಕಗ್ಗನ ಉಳಿಸ್ಕೊಂಡು ಬಂದಿದ್ದಾರೆ. ಅವರ ಬಗ್ಗೆ ನನಗೆ ಇರೋ ಗೌರವ ಅಷ್ಟಿಷ್ಟಲ್ಲ.

ಗೋಕರ್ಣದ ದಾರಿಲಿ ಚೌಕ ಚೌಕ ಕಂಡಿದ್ದು ಸಾಣಿಕಟ್ಟಾ ಉಪ್ಪಿನ ಆಗರ. ಉಬ್ಬರದ ನೀರನ್ನ ದೊಡ್ಡ ಹೊಂಡಕ್ಕೆ ಬಿಟ್ಟು, ಬಿಸಿಲಿಗೆ ಸ್ವಲ್ಪ ಸ್ವಲ್ಪ ಗಟ್ಟಿ ಮಾಡ್ತಾ ಒಂದರಿಂದ ಇನ್ನೊಂದು ಮಡಿಗೆ ಹಾಯಿಸಿ ಕೊನೆಗೆ ಸಣ್ಣ ಮಡಿಲಿ ಹರಳು ಕಟ್ಟಿಸ್ತಾರೆ. ಅದಕ್ಕೆ ಮುಂಚೆ ಜೇಡಿಮಣ್ಣಿನ ನೆಲನ ಕಾಲಲ್ಲೇ ತುಳಿದು ತುಳಿದು ಸಿಮೆಂಟ್ ನೆಲದ ಥರ ನುಣುಪು ಮಾಡಿರ್ತಾರೆ. ಒಂದು ಅಕಾಲದ ಮಳೆ ಬಂದ್ರೆ ಅಷ್ಟೂ ಕೆಲಸ ನೀರಲ್ಲಿ ಹೋಮ. 1930ರ ಉಪ್ಪಿನ ಸತ್ಯಾಗ್ರಹ ಅಂದ್ರೆ ನಮಗೆಲ್ಲ ಅಂಕೋಲೆ ನೆನಪಾಗುತ್ತೆ, ಆ ವರ್ಷ ಈ ಸಾಣಿಕಟ್ಟಾ ಆಗರಕ್ಕೂ ಸಾವಿರಾರು ಜನ ನುಗ್ಗಿ ಉಪ್ಪು ಎತ್ತಿದ್ರು, ಪೊಲೀಸರ ಲಾಠಿ ಏಟು ತಿಂದ್ರು. ನೀವು ಕಾರಲ್ಲಿ ಎರಡು ನಿಮಿಷದಲ್ಲಿ ದಾಟಿ ಹೋದ ಜಾಗ ಸರ್ ಅದು. ಮಿರ್ಜಾನ್ ಕೋಟೆ ನೋಡಿದ್ರೋ ಇಲ್ವೋ ಬರೆದಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ರಲ್ಲ, ಅವಳ ಕಾಲದಲ್ಲಿ ಘಟ್ಟದ ಮೆಣಸು ಇದೇ ಹೊಳೆ ಮೇಲೆ ಸಮುದ್ರಕ್ಕೆ ಇಳೀತಿತ್ತು.

ಈಗ ಆ ಹೆಂಗಸರು. ಅವರು ಹುಡುಕ್ತಿದ್ದದ್ದು ಬಳಚು, ಎರಡು ಚಿಪ್ಪಿನ ಮೃದ್ವಂಗಿ. ಒಂದು ಸಲ ಇಳಿತದ ಹೊತ್ತಲ್ಲಿ ದಂಡೆಲಿ ಕೂತು ಒಬ್ಬ ಅಜ್ಜಿನ ಬಹಳ ಹೊತ್ತು ನೋಡ್ತಾ ಇದ್ದೆ. ಸೀರೆ ಎತ್ತಿ ಕಟ್ಟಿದ್ರು, ಅಲ್ಯೂಮಿನಿಯಂ ಪಾತ್ರೆನ ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟಿದ್ರು. ಕಣ್ಣು ಎಲ್ಲೋ, ಮಾತು ಪಕ್ಕದವರ ಜೊತೆ, ಕಾಲ ಬೆರಳು ಮಾತ್ರ ಕೆಸರಲ್ಲಿ ಮೆಲ್ಲಗೆ ತಡಕಾಡ್ತಾ ಇರ್ತಿತ್ತು. ತಗುಲಿದ ಕೂಡ್ಲೆ ಬಗ್ಗಿ ಎತ್ತಿ, ಸಣ್ಣದಾದ್ರೆ ವಾಪಸ್ ನೀರಿಗೆ, ದೊಡ್ಡದಾದ್ರೆ ಪಾತ್ರೆಗೆ ಟಣ್ ಅಂತ. ಅಳತೆ ಕಾಲಿಗೇ ಗೊತ್ತಾಗುತ್ತಾ ಅಂತ ಕೇಳಿದ್ದಕ್ಕೆ "ಗುತ್ತಾಗ್ದೇ ಇರ್ತದ್ಯ ತಮಾ" ಅಂದ್ರು. ಈ ಕೆಲಸಕ್ಕೆ ಸ್ವಂತ ಜಮೀನು ಬೇಡ, ದೋಣಿ ಇಲ್ದೆನೂ ನಡೆಯುತ್ತೆ. ಆ ದಂಡೆಲಿ ಗದ್ದೆ ಇಲ್ಲದ ಎಷ್ಟೋ ಮನೆಗಳ ಒಲೆ ಉರಿಯೋದು ಇದರಿಂದ.

ಬಂದರು, ಫ್ಯಾಕ್ಟರಿ ಅಂದಿದೀರಿ. ತದಡಿಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡ್ತೀವಿ ಅಂತ ಹೊರಟಿದ್ರು, ಜನ ಗಟ್ಟಿಯಾಗಿ ನಿಂತು ಬೇಡ ಅಂದಿದ್ದಕ್ಕೆ ಕೈಬಿಟ್ರು, ಆಮೇಲೆ ದೊಡ್ಡ ಬಂದರಿನ ಮಾತು ಬಂತು. 2024ರ ಜನವರಿಲಿ ಈ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ, ರಾಮ್ಸರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದೆ, ಸುಮಾರು 4800 ಹೆಕ್ಟೇರ್. ಹಾಗಂತ ಎಲ್ಲ ಸರಿಯಾಗಿದೆ ಅಂತ ನಾನು ಹೇಳಲ್ಲ. ಮರಳು, ಚಿಪ್ಪು ತೆಗೆಯೋದು ಬಳಚಿಗೆ ದೊಡ್ಡ ಪೆಟ್ಟು ಕೊಟ್ಟಿದೆ. ಹುಡುಗರು ಊರು ಬಿಡ್ತಿರೋದೂ ನಿಜ, ನಿಮ್ಮ ಕಾಳಜಿನ ನಾನು ತಳ್ಳಿ ಹಾಕ್ತಿಲ್ಲ. ಆದ್ರೆ ಅಳಿವೆ ಬಾಯಿ ಹೂಳೆತ್ತಿ ಆಳ ಮಾಡಿದ್ರೆ ನೀರಿನ ಹರಿವು ಬದಲಾಗುತ್ತೆ, ಉಪ್ಪು ಸಿಹಿಯ ಹದ ತಪ್ಪುತ್ತೆ, ಆ ಹದದ ಮೇಲೇ ಕಗ್ಗ, ಶೆಟ್ಲಿ, ಬಳಚು, ಕಾಂಡ್ಲಾ ಗಿಡ (ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್) ಎಲ್ಲ ನಿಂತಿರೋದು. ಹತ್ತು ಜನಕ್ಕೆ ಗೇಟ್ ಕಾಯೋ ಕೆಲಸ ಸಿಕ್ಕಿ ಸಾವಿರ ಜನರ ಕಸುಬು ಹೋದ್ರೆ ಆ ಹುಡುಗರಿಗೆ ಏನು ಸಿಕ್ಕಂಗಾಯ್ತು ಹೇಳಿ.

ಮುಂದಿನ ಸಲ ದೀಪಾವಳಿ ಹೊತ್ತಿಗೆ ಬನ್ನಿ ಸರ್, ಮಕ್ಕಳನ್ನೂ ಕರ್ಕೊಂಡು. ಕಗ್ಗ ಕೊಯ್ಲಿನ ಸಮಯ ಅದು. ತದಡಿಲಿ ಬಾರ್ಜ್ ಹತ್ತೋ ಮುಂಚೆ ಇಳಿತ ಎಷ್ಟೊತ್ತಿಗೆ ಅಂತ ಯಾರನ್ನಾದ್ರೂ ಕೇಳ್ಕೊಳ್ಳಿ, ಆ ಹೊತ್ತಿಗೆ ಹೋದ್ರೆ ಬಳಚು ಹೆಕ್ಕೋರೂ ಸಿಗ್ತಾರೆ.