ಅಕ್ಕ ಕೊಟ್ಟ ಕಾಂಡಕೋಶ, ಅಕ್ಕನನ್ನೇ ಕಾಡಿದ ಪ್ರಶ್ನೆ

ರಾಜಾಜಿನಗರದ ಕುಟುಂಬ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಮರುಕಳಿಸಿದ ತಮ್ಮನಿಗೆ ಅಕ್ಕನ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್) ಹಾಕಿ ಏಳು ತಿಂಗಳಾಗಿತ್ತು. ಕಣ್ಣು ಹಳದಿಯಾಯಿತು, ಮೂತ್ರ ಕಾಫಿ ಡಿಕಾಕ್ಷನ್‌ನಂತಾಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು ಕಾಮಾಲೆ ಎಂದುಕೊಂಡು ನೆಲನೆಲ್ಲಿ ರಸ ಕುಡಿಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಕೆಂಪುಕಣಗಳಿಗೆ ಪ್ರತಿಕಾಯ ಅಂಟಿದೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ಪಾಸಿಟಿವ್, ಕಣಗಳು ಒಡೆದಾಗ ಹೆಚ್ಚುವ ಎಲ್‌ಡಿಎಚ್ ಕೂಡ ಏರಿತ್ತು. ಹಳದಿ ಲಿವರ್‌ನದಲ್ಲ, ಕೆಂಪು ರಕ್ತಕಣಗಳು ಒಡೆಯುತ್ತಿದ್ದುದರಿಂದ ಬಂದದ್ದು.

ಆಪ್ತ ಸಲಹೆಗಾರ್ತಿಯಾದ ನನ್ನ ಬಳಿ ಬಂದವಳು ಅಕ್ಕ. ಬಹಳ ಹೊತ್ತು ಸುಮ್ಮನಿದ್ದು, "ನಾನು ಕೊಟ್ಟಿದ್ದೇ ಅವನನ್ನ ತಿಂತಿದೆ ಅಲ್ವಾ ಮೇಡಂ?" ಎಂದಳು.

"ನಿನ್ನ ತಪ್ಪಿಲ್ಲಮ್ಮ" ಎಂದು ಕಳಿಸಬಹುದಿತ್ತು. ಆದರೆ ಇಂಥ ಅಪರಾಧಿ ಭಾವ ಬರಿ ಸಮಾಧಾನದ ಮಾತಿಗೆ ಕರಗುವುದಿಲ್ಲ. ವೈದ್ಯಕೀಯ ವಿಷಯ ಸಲಹೆಗಾರರಿಗೇಕೆ ಎಂದು ಕೇಳುವವರಿದ್ದಾರೆ. ಭಯ ಹುಟ್ಟಿದ್ದೇ ಅರ್ಧ ತಿಳಿದ ವಿಷಯದಿಂದ ಎಂದಾಗ ಉಳಿದರ್ಧ ಹೇಳದೆ ಹೇಗೆ? ಅದಕ್ಕೇ ಬಿಡಿಸಿ ಹೇಳಿದೆ: ಕಸಿಯ ನಂತರ ಕೆಂಪುಕಣಗಳೂ ರೋಗನಿರೋಧಕ ಕಣಗಳೂ ಎರಡೂ ಅದೇ ಹೊಸ ಕಾಂಡಕೋಶಗಳಿಂದ ಹುಟ್ಟುತ್ತವೆ. ತನ್ನದು ಯಾವುದು, ಪರಕೀಯ ಯಾವುದು ಎಂದು ಹೊಸ ಕಣಗಳು ಕಲಿಯಲು ತಿಂಗಳುಗಟ್ಟಲೆ ಬೇಕು. ಆ ಮಧ್ಯೆ ಹೀಗೆ ಎಡವಿ, ತಮ್ಮ ಜೊತೆಯಲ್ಲೇ ಹುಟ್ಟಿದ ಕೆಂಪುಕಣಗಳನ್ನೇ ಪರಕೀಯ ಎಂದುಕೊಂಡು ಒಡೆಯುತ್ತವೆ. "ತಮ್ಮದೇ ಕಾಂಡಕೋಶ ವಾಪಸ್ ಹಾಕಿಸಿಕೊಂಡವರಲ್ಲೂ ಇದು ಬರುತ್ತೆ. ಅಲ್ಲಿ ದಾನಿಯೇ ಇಲ್ಲ."

ಆ ಕೊನೆಯ ಮಾತಿಗೆ ಅವಳು ತಲೆಯೆತ್ತಿದಳು. "ದಾನಿಯೇ ಇಲ್ದೆ?" ಎಂದು ಎರಡು ಸಲ ಕೇಳಿದಳು. ಆಮೇಲಷ್ಟೇ ಅತ್ತಳು.

ನಂತರ ಅವಳಿಗೆ ಕೆಲಸ ಹಚ್ಚಿದೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿಕಣ ಮೂರನ್ನೂ ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆಯುವುದು, ಏಕೆಂದರೆ ಕೆಲವರಲ್ಲಿ ಒಂದರ ಹಿಂದೆ ಇನ್ನೊಂದೂ ಕುಸಿಯುತ್ತದೆ. ಚರ್ಮದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ, ವಸಡಲ್ಲಿ ರಕ್ತ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆ. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಎಂದು ಪಪ್ಪಾಯಿ ಎಲೆ ರಸ ಕೊಟ್ಟು ಕಾಯಬಾರದು. ಎಲ್ಲೇ ರಕ್ತ ಕೊಡಿಸಿದರೂ "ಇವರು ಕಸಿಯಾದವರು, ಇರ್ರೇಡಿಯೇಟ್ ಮಾಡಿದ (ವಿಕಿರಣ ಹಾಯಿಸಿದ) ರಕ್ತ ಬೇಕು" ಎಂದು ಮೊದಲೇ ಹೇಳಬೇಕು.

ತಮ್ಮನಿಗೆ ಕೆಜಿಗೆ 1 ಮಿ.ಗ್ರಾಂ ಲೆಕ್ಕದಲ್ಲಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಶುರುವಾಗಿತ್ತು. ಮುಖ ಊದಿ, ನಿದ್ದೆ ಕೆಟ್ಟು, ಹಿಮೋಗ್ಲೋಬಿನ್ 10 ದಾಟಿದ ಕೂಡಲೇ ನಿಲ್ಲಿಸುತ್ತೇನೆಂದು ಹಟ ಹಿಡಿದಿದ್ದನಂತೆ. ಥಟ್ಟನೆ ನಿಲ್ಲಿಸಿದರೆ ಕಣಗಳು ಮತ್ತೆ ಒಡೆಯಬಹುದು, ದೇಹಕ್ಕೂ ತಡೆಯದು. ವೈದ್ಯರು ವಾರಗಟ್ಟಲೆ, ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಸ್ಟಿರಾಯ್ಡ್ ಸಾಲದಿದ್ದರೆ ರಿಟುಕ್ಸಿಮ್ಯಾಬ್ ಎಂಬ, ರೋಗನಿರೋಧಕ ಕಣಗಳನ್ನು ತಗ್ಗಿಸುವ ಔಷಧಿ ಬರುತ್ತದೆ, ಅದಕ್ಕೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿಕೊಳ್ಳಲು ಅವಳಿಗೆ ಬರೆದುಕೊಟ್ಟೆ. ಮುಂದಿನ ಸಲ ತಮ್ಮನನ್ನೂ ಕರೆತರಲು ಹೇಳಿದ್ದೇನೆ. ಮಾತ್ರೆ ಬಿಡುವ ಮಾತು ಅವನ ಬಾಯಿಂದಲೇ ಕೇಳಬೇಕು.