ತಂಗಿಯ ಮದುವೆಗೆ ನಾನೇ ಫೋಟೋಗ್ರಾಫರ್ ಆಗಲೇ?

ಓದುಗರ ಪತ್ರ: ನಾನು ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ನೌಕರ. ಕೆಲವು ವರ್ಷಗಳಿಂದ ಹಕ್ಕಿ ಫೋಟೋ ತೆಗೆಯುವ ಹುಚ್ಚು. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ದೂರದ್ದನ್ನು ಹತ್ತಿರ ತರುವ 150–600 ಎಂಎಂ ಲೆನ್ಸ್, ಕ್ಯಾಮೆರಾ ಜೊತೆ ಬಂದ 18–55 ಎಂಎಂ ಲೆನ್ಸ್, ಒಂದು ಫ್ಲ್ಯಾಶ್ ಇವೆ. ವೈಶಾಖದಲ್ಲಿ ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ಚಿಕ್ಕಪ್ಪನ ಮಗಳ ಮದುವೆ. “ಸ್ಟುಡಿಯೋದವರಿಗೆ ಸುರಿಯೋ ದುಡ್ಡಲ್ಲಿ ಹುಡುಗಿಗೆ ಒಂದು ಸರ ಆಗುತ್ತೆ, ನೀನೇ ತೆಗಿಯೋ” ಅನ್ನುತ್ತಾರೆ ಚಿಕ್ಕಪ್ಪ. ಅವಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ, ಇಲ್ಲ ಎನ್ನಲು ಬಾಯಿ ಬರುತ್ತಿಲ್ಲ. ದುಡ್ಡು ತೆಗೆದುಕೊಳ್ಳುವ ಮಾತಿಲ್ಲ. ಒಪ್ಪಿಕೊಳ್ಳಲೇ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಒಪ್ಪಿಕೊಳ್ಳಬೇಡಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಚಿಕ್ಕಪ್ಪನ ಮುಂದೆ ನಿಮಗೆ ಮಾತು ಹೊರಡದು, ಹಾಗಾಗಿ ಕಾರಣಗಳನ್ನೂ ಬರೆಯುತ್ತೇನೆ.

ಒಪ್ಪಿಕೊಳ್ಳಿ ಎನ್ನುವವರ ಬಳಿಯೂ ಮಾತಿದೆ. ಮದುವೆ ಫೋಟೋ ತೆಗೆದು ಬದುಕುವ ಪ್ರತಿಯೊಬ್ಬರಿಗೂ ಮೊದಲನೆಯದು ಅಂತ ಒಂದಿತ್ತು. ಸೋದರಮಾವ ಯಾರು, ಮುನಿಸಿಕೊಂಡು ಕೊನೇ ಸಾಲಲ್ಲಿ ಕೂತ ದೊಡ್ಡಮ್ಮ ಯಾರು ಎಂಬುದು ಸ್ಟುಡಿಯೋದವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಸರಿ, ಅದನ್ನು ಒಪ್ಪಿದೆ.

ಇನ್ನು ನಿಮ್ಮ ಹಕ್ಕಿ ಹುಚ್ಚಿನ ವಿಷಯ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ ಜಿಲ್ಲೆ ನಿಮ್ಮದು. ಹಕ್ಕಿಯವರಿಗೆ ಇರುವಷ್ಟು ತಾಳ್ಮೆ ಮದುವೆಯವರಿಗಿಲ್ಲ ಎಂಬುದನ್ನು ಸಂತೋಷದಿಂದಲೇ ಹೇಳುತ್ತೇನೆ. ಆದರೆ ಆ ಅಭ್ಯಾಸಗಳೇ ಮಂಟಪದಲ್ಲಿ ಕೈ ಕೊಡುತ್ತವೆ.

ಹಾರುವ ಹಕ್ಕಿ ಮಸುಕಾಗದಿರಲೆಂದು ನಿಮ್ಮ ಬೆರಳು ತಾನಾಗಿ 1/2000 ಸೆಕೆಂಡಿನ ಶಟರ್ ವೇಗಕ್ಕೆ ಹೋಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು 1/500ರಲ್ಲಿ ತೆಗೆದಾಗ ವಧುವಿನ ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. 1/100ಕ್ಕೋ 1/50ಕ್ಕೋ ಇಳಿದರೆ ಪಟ್ಟೆ ಹೋಗುತ್ತದೆ, ಆದರೆ ಅಕ್ಷತೆ ಎಸೆಯುವ ಕೈ ಮಸುಕಾಗುತ್ತದೆ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ಅದರದೇ ಲೆಕ್ಕ. ಹಿಂದಿನ ಸಂಜೆಯ ಆರತಕ್ಷತೆಯಲ್ಲಿ ತೆಗೆದು ನೋಡಿಯೇ ತಿಳಿಯಬೇಕು.

ಲೆನ್ಸಿನ ಮಾತು. ನಿಮ್ಮ 150–600 ಎರಡು ಮೀಟರ್ ಒಳಗೆ ಫೋಕಸ್ಸೇ ಆಗುವುದಿಲ್ಲ, ವೇದಿಕೆಯ ಮೇಲೆ ಅದು ಬರೀ ಭಾರ. 18–55 ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯದು (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). 50 ಎಂಎಂ ಎಫ್/1.8 ಲೆನ್ಸು ಒಳಗೆ ಬಿಡುವ ಬೆಳಕಿನಲ್ಲಿ ಇದು ಬಿಡುವುದು ಸುಮಾರು ಹತ್ತನೇ ಒಂದು ಪಾಲು. ಅಂದರೆ ಅಲ್ಲಿ ಐಎಸ್‌ಒ 1600 ಸಾಕಾದರೆ ಇಲ್ಲಿ 16000 ಬೇಕು. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಅದು, ಏರಿದಷ್ಟೂ ಚಿತ್ರ ಕಾಳುಕಾಳು. ಫ್ಲ್ಯಾಶನ್ನು ಸೂರಿಗೆ ತಿರುಗಿಸುತ್ತೇನೆ ಅನ್ನಬಹುದು. ಇಪ್ಪತ್ತಡಿ ಸೂರಿಗೆ ಹೋಗಿ ಮುಖಕ್ಕೆ ಬರುವಷ್ಟರಲ್ಲಿ ಬೆಳಕು ಮೂವತ್ತಡಿ ಸಾಗಿರುತ್ತದೆ. ಎಂಟು ಅಡಿಯಿಂದ ನೇರ ಬಿಟ್ಟದ್ದಕ್ಕೆ ಹೋಲಿಸಿದರೆ ತಲುಪುವುದು 14ರಲ್ಲಿ ಒಂದು ಪಾಲೂ ಇಲ್ಲ. ಸೂರಿಗೆ ಕೆಂಪು-ಹಳದಿ ಬಟ್ಟೆ ಇಳಿಬಿಟ್ಟಿದ್ದರೆ ಮುಖಕ್ಕೂ ಅದೇ ಬಣ್ಣ. ಪೂರ್ತಿ ಶಕ್ತಿಯಲ್ಲಿ ಹೊಡೆದ ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಸೆಕೆಂಡುಗಳು ಬೇಕು, ವಾಲಗದವರು ಅದಕ್ಕಾಗಿ ಕಾಯುವುದಿಲ್ಲ. ಹೋಮದ ಹೊಗೆಯ ಮೇಲೆ ಎದುರಿನಿಂದ ಹೊಡೆದರಂತೂ ಬಿಳಿ ಗೋಡೆ. ವರನ ಬಿಳಿ ಪಂಚೆ-ಶಲ್ಯ ಚೌಕಟ್ಟು ತುಂಬಿದಾಗ ಕ್ಯಾಮೆರಾ ಮೋಸಹೋಗಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಬೆಳಕನ್ನು ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿದರೆ ಒಡವೆಯ ಹೊಳಪು ಸುಟ್ಟುಹೋಗುತ್ತದೆ. ಇದನ್ನೆಲ್ಲ ಕೈ ತಾನಾಗಿ ಸರಿಪಡಿಸಿಕೊಳ್ಳಬೇಕು, ಯೋಚಿಸಲು ಹೊತ್ತಿರುವುದಿಲ್ಲ.

ಎಲ್ಲಕ್ಕಿಂತ ಕಷ್ಟ ನಿಲ್ಲುವ ಜಾಗ. ಅಂತರಪಟ ಸರಿದು ಜೀರಿಗೆ-ಬೆಲ್ಲ ಬೀಳುವಾಗ ಒಬ್ಬರ ಮುಖ ಹಿಡಿದರೆ ಇನ್ನೊಬ್ಬರ ಬೆನ್ನು. ಒಂದೇ ಕ್ಯಾಮೆರಾ ಇದ್ದರೆ ಪಟದ ಅಂಚಿಗೆ ನೇರವಾಗಿ ಪಕ್ಕದಲ್ಲಿ ನಿಲ್ಲಬೇಕು. ಪಟ ಹಿಡಿದವರು ನಿಂತಿರುವುದೂ ಅಲ್ಲಿಯೇ. ತಾಳಿ ಕಟ್ಟುವಾಗ ವರನ ಕೈ ವಧುವಿನ ಕತ್ತಿನ ಹಿಂದೆ ಹೋಗುತ್ತದೆ, ನಾದಿನಿ ಗಂಟಿಗೆ ನೆರವಾಗಲು ಬಾಗುತ್ತಾಳೆ, ಎದುರಿನಿಂದ ಹತ್ತಾರು ಮೊಬೈಲು ಏಳುತ್ತವೆ. ಪುರೋಹಿತರು ಕೈ ಎತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡುವ ಮುಂಚೆಯೇ ಬಟನ್ ಅರ್ಧ ಒತ್ತಿರಬೇಕು. ಮೂರು ಗಂಟು ಬೀಳಲು ಅರ್ಧ ನಿಮಿಷ ಸಾಕು. ಧಾರೆ ಮೊದಲೋ, ಮಾಂಗಲ್ಯ ಮೊದಲೋ ಎಂಬ ಕ್ರಮವೂ ಮನೆತನದಿಂದ ಮನೆತನಕ್ಕೆ ಬೇರೆ. ಪುರೋಹಿತರನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳುವವನು ಅನುಭವಸ್ಥ. ಗಂಡಿನ ಕಡೆಯವರೂ ತಮ್ಮ ಸ್ಟುಡಿಯೋ ಕರೆತಂದಿದ್ದರೆ ಆ ನಾಲ್ಕಡಿ ಜಾಗಕ್ಕೆ ಇನ್ನೂ ಮೂರು ಕ್ಯಾಮೆರಾ. ಹಳಬರಿಗೆ ತಳ್ಳಿಸಿಕೊಂಡು ಅಭ್ಯಾಸವಿದೆ, ನಿಮಗಿಲ್ಲ. ಮಿಂಚುಳ್ಳಿ ತಪ್ಪಿಸಿಕೊಂಡರೆ ಮರುದಿನ ಅದೇ ಕೊಂಬೆಗೆ ಬಂದೀತು. ತಪ್ಪಿಹೋದ ತಾಳಿಗೆ ಮರುದಿನವಿಲ್ಲ.

ನೀವೇ ಬರೆದು ನೀವೇ ಗಮನಿಸದ ಒಂದು ಸಂಗತಿ ಇದೆ. ಹುಡುಗಿಗೆ ಒಡಹುಟ್ಟಿದವರಿಲ್ಲ ಅಂದಿರಿ. ಲಾಜಹೋಮದಲ್ಲಿ ಅವಳ ಬೊಗಸೆಗೆ ಅರಳು ಹಾಕಲು ಯಾರನ್ನು ಕರೆಯುತ್ತಾರೆ? ನಿಮ್ಮನ್ನೇ. ಆಗ ಕ್ಯಾಮೆರಾ ಯಾರ ಕೈಯಲ್ಲಿರುತ್ತದೆ? ಬೀಗರನ್ನು ಎದುರುಗೊಳ್ಳುವಾಗ, ಹೆಣ್ಣು ಒಪ್ಪಿಸಿಕೊಡುವಾಗ ನೀವು ಫೋಟೋದೊಳಗೆ ಇರಬೇಕಾದವರು ಸ್ವಾಮಿ, ಹೊರಗಲ್ಲ.

ದುಡ್ಡಿಲ್ಲದ ಕೆಲಸದ ಬಗ್ಗೆ ನಮ್ಮ ಪತ್ರಿಕೆಯ ನಿಲುವು ಹಳೆಯ ಓದುಗರಿಗೆ ಗೊತ್ತು: ಪುಕ್ಕಟೆ ಮದುವೆಯಷ್ಟು ದುಬಾರಿ ಮದುವೆ ಇನ್ನೊಂದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರು. ಪುಕ್ಕಟೆ ತೆಗೆದದ್ದು ತೆಗೆದವರದ್ದು. ಪುಕ್ಕಟೆ ಸೇವೆಗೆ 2019ರ ಗ್ರಾಹಕ ಕಾಯಿದೆಯೂ ಅನ್ವಯಿಸುವುದಿಲ್ಲ. ಕಾಗದದಲ್ಲಿ ನೀವೇ ಗೆದ್ದಿರಿ. ಆದರೆ ಮೆಮೊರಿ ಕಾರ್ಡು ಕೆಟ್ಟು ಧಾರೆಯ ಫೋಟೋ ಹೋದರೆ ಸ್ಟುಡಿಯೋದವನನ್ನು ಬೈದು ಮುಂಗಡ ವಾಪಸು ಕೇಳಬಹುದು, ಅಣ್ಣನ ಮಗನನ್ನು ಏನು ಮಾಡುವುದು? ಹಬ್ಬಹಬ್ಬಕ್ಕೂ ನೆನಪಿಸುತ್ತಾರೆ, ಅಷ್ಟೇ. ಕೆಲಸ ಮಂಟಪದಲ್ಲೇ ಮುಗಿಯುವುದೂ ಇಲ್ಲ. ಎರಡು ದಿನಕ್ಕೆ ಎರಡು ಸಾವಿರ ಫ್ರೇಮ್ ಆಗುತ್ತವೆ. ರಾ ಫೈಲು (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ) ಒಂದಕ್ಕೆ 25–30 ಎಂಬಿ ಎಂದರೂ 50–60 ಜಿಬಿ. ಅದನ್ನು ಎರಡು ಡಿಸ್ಕಿಗೆ ಇಳಿಸಿ, ಆರಿಸಿ, ಬಣ್ಣ ತಿದ್ದಿ, ಆಲ್ಬಂ ಜೋಡಿಸಬೇಕು. 12×36 ಇಂಚಿನ ಹಾಳೆಯ ಉದ್ದಕ್ಕೂ ಒಂದೇ ಚಿತ್ರ ಹರಡಲು 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 10,800 ಪಿಕ್ಸೆಲ್ ಅಗಲ ಬೇಕು, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸಿಗುವುದು 6,000. ಇದೆಲ್ಲ ಬ್ಯಾಂಕು ಮುಗಿಸಿ ಬಂದ ಮೇಲೆ!

ಹಾಗಾದರೆ ಕ್ಯಾಮೆರಾ ಮನೆಯಲ್ಲೇ ಬಿಡಬೇಕೇ? ಖಂಡಿತ ಬೇಡ. ಸ್ಟುಡಿಯೋ ಗೊತ್ತುಮಾಡಿಸಿ, ಅವರ ಅನುಮತಿ ಕೇಳಿ ಎರಡನೇ ಕ್ಯಾಮೆರಾ ಆಗಿ ಹೋಗಿ. 35 ಎಂಎಂ ಎಫ್/1.8 ಲೆನ್ಸೊಂದನ್ನು ಬಾಡಿಗೆಗೆ ತನ್ನಿ, ಕ್ರಾಪ್ ಸೆನ್ಸರಿನಲ್ಲಿ ಅದೊಂದೇ ಸಾಕು. ಆರತಕ್ಷತೆಗೆ ಮುಂಚೆ ಅವರ ಕ್ಯಾಮೆರಾದ ಗಡಿಯಾರಕ್ಕೆ ನಿಮ್ಮದನ್ನು ಹೊಂದಿಸಿ, ಆಮೇಲೆ ಎರಡೂ ಕಡೆಯ ಫೋಟೋ ಕಾಲಕ್ರಮದಲ್ಲಿ ಕೂರುತ್ತವೆ. ನಿಮ್ಮ ಫ್ಲ್ಯಾಶಿನ ಟ್ರಿಗರ್ (ಫ್ಲ್ಯಾಶನ್ನು ತಂತಿಯಿಲ್ಲದೆ ಹೊತ್ತಿಸುವ ಸಾಧನ) ಚಾನೆಲ್ ಬೇರೆ ಮಾಡಿ, ಇಲ್ಲವಾದರೆ ನೀವು ಒತ್ತಿದಾಗ ಅವರ ದೀಪ ಹೊತ್ತಿಕೊಂಡು ಅವರಿಗೆ ಸಿಟ್ಟು ಬರುತ್ತದೆ. ಮುಹೂರ್ತದಲ್ಲಿ ಅವರ ಮುಂದೆ ಹೋಗಬೇಡಿ. ನೀವು ಹೋಗಬೇಕಾದದ್ದು ಅವರು ಹೋಗದ ಕಡೆ: ಭಟ್ಟರ ಒಲೆ, ಹೂ ಕಟ್ಟುವ ಜಗಲಿ, ಅಲಂಕಾರದ ಕೋಣೆಯಲ್ಲಿ ಅತ್ತಿಗೆಯರ ಗಲಾಟೆ, ಮೊದಲ ಪಂಕ್ತಿಗೆ ಎಲೆ ಹಾಸುವ ಹುಡುಗರು. ಕಾದು ಕೂರುವ ನಿಮ್ಮ ಗುಣ ಕೆಲಸಕ್ಕೆ ಬರುವುದು ಅಲ್ಲಿ. ಇಂಥ ನಾಲ್ಕೈದು ಮದುವೆ ಆದ ಮೇಲೆ ಯಾರಾದರೂ ದುಡ್ಡು ಕೊಟ್ಟು ಕರೆದರೆ ಧೈರ್ಯವಾಗಿ ಹೋಗಿ.

ಈಗ ಸ್ವಲ್ಪ ಜಗಳ. ಕ್ಯಾಮೆರಾ ಇದ್ದವರೆಲ್ಲ ಫೋಟೋಗ್ರಾಫರೇ ಎಂಬ ಭಾವನೆ ಚಿಕ್ಕಪ್ಪಂದಿರಿಗೆ ಎಲ್ಲಿಂದ ಬಂತು? ಫಿಲ್ಮ್ ರೋಲಿನ ಕಾಲದಲ್ಲಿ 36 ಫ್ರೇಮಿನ ಮೂರು ರೋಲಿನಲ್ಲಿ ಮದುವೆ ಮುಗಿಸಿಕೊಟ್ಟವರು ಈ ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇದ್ದರು. ಯಾವಾಗ ಒತ್ತಬಾರದು ಎಂದು ತಿಳಿದವರು ಅವರು. ಈಗ ಅವರ ಮಕ್ಕಳೊಂದಿಗೆ ಚೌಕಾಸಿ. ಅದೇ ಮನೆಯವರು ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮುಂದೆ ಬಣ್ಣದ ಹೊಗೆ ಬಿಟ್ಟು ತೆಗೆಸುವ ಪ್ರಿ-ವೆಡ್ಡಿಂಗ್‌ಗೆ ಕೇಳಿದಷ್ಟು ಕೊಡುತ್ತಾರೆ. ಸ್ಟುಡಿಯೋದವರೂ ಸಾಚಾ ಅಲ್ಲ ಬಿಡಿ. ಪುರೋಹಿತರಿಗೆ “ಸ್ವಲ್ಪ ತಡೀರಿ ಸ್ವಾಮಿ, ಇನ್ನೊಂದ್ಸಲ” ಅನ್ನುವುದು, ಬಂದವರಿಗೆ ಮಂಟಪವೇ ಕಾಣದಂತೆ ಬೆನ್ನು ತೋರಿಸಿ ನಿಲ್ಲುವುದು ಅವರೇ ತಂದ ರೋಗ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಲ್ಲಿ ಸರಳವಾಗಿ ಮಾಡಿ ಮುಗಿಸಿದರು. ಇವತ್ತು ಅದೇ ಮಲೆನಾಡಿನಲ್ಲಿ ಡ್ರೋನ್ ಬರದೆ ದಿಬ್ಬಣ ಹೊರಡುವುದಿಲ್ಲ.

ಚಿಕ್ಕಪ್ಪನಿಗೆ ಸರದ ದುಡ್ಡು ಉಳಿಸಿಕೊಡುವ ದಾರಿಯೂ ಇದೆ. ಡ್ರೋನ್ ಬೇಡ, ಪ್ರಿ-ವೆಡ್ಡಿಂಗ್ ಬೇಡ, ಆಲ್ಬಂ 40 ಹಾಳೆಯ ಬದಲು 25 ಸಾಕು, ಬೀಗರೂಟಕ್ಕೆ ನೀವೊಬ್ಬರೇ ಸಾಕು ಎಂದು ಸ್ಟುಡಿಯೋದವರೊಡನೆ ಕೂತು ಬರೆಸಿ. ಒಂದು ಕೆಟ್ಟರೆ ಇನ್ನೊಂದಿರಲೆಂದು, ಕ್ಯಾಮೆರಾದಲ್ಲಿ ಎರಡು ಕಾರ್ಡಿಗೂ ಒಟ್ಟಿಗೆ ಬರೆಯುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಬೇರೆಯವರನ್ನು ನೋಡಿ. ಮುಹೂರ್ತದ ಹೊತ್ತಿಗೆ ವೇದಿಕೆಯ ಎಲ್‌ಇಡಿ ಪರದೆ ಆರಿಸುವಂತೆ ಮಂಟಪದ ಮ್ಯಾನೇಜರಿಗೆ ಆರತಕ್ಷತೆಯ ರಾತ್ರಿಯೇ ಹೇಳಿಬಿಡಿ. ಬೆಳಿಗ್ಗೆ ಹುಡುಕಿದರೆ ಅದರ ಆಪರೇಟರ್ ತಿಂಡಿಗೆ ಹೋಗಿರುತ್ತಾನೆ.