ಓದುಗರ ಪ್ರಶ್ನೆ: ಉಸ್ಕುದಾರಿನ ಗುಮ್ಮಟಗಳು

ಪ್ರಶ್ನೆ: ಇಸ್ತಾಂಬುಲ್‌ನ ಉಸ್ಕುದಾರ್ ದಡದಲ್ಲಿರುವ ಮಿಹ್ರಿಮಾ ಸುಲ್ತಾನ್ ಮಸೀದಿಯ ಫೋಟೊ ನೋಡಿದೆ. ದೊಡ್ಡ ಗುಮ್ಮಟಕ್ಕೆ ಮೂರು ಕಡೆ ಅರೆಗುಮ್ಮಟ ಇದೆ, ಬಾಗಿಲ ಕಡೆ ಇಲ್ಲ. ಕೆಲಸ ಅರ್ಧಕ್ಕೇ ನಿಂತಿತೇ? ನಮ್ಮೂರಿನ ಮಲಿಕ್ ರಿಹಾನ್ ಗೋರಿಯ ಗುಮ್ಮಟಕ್ಕೆ ಈ ಗೊಡವೆಯೇ ಇಲ್ಲವಲ್ಲ!
– ಓದುಗರು, ಶಿರಾ

ಉತ್ತರ: ನಿಂತಿಲ್ಲ, ಬೇಕೆಂದೇ ಬಿಟ್ಟದ್ದು. ಆಟೊಮನ್ ದೊರೆ ಸುಲೇಮಾನ್ ಸುಲ್ತಾನನ ಮಗಳು ಮಿಹ್ರಿಮಾಳಿಗಾಗಿ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಈ ಮಸೀದಿ 1548ರ ಹೊತ್ತಿಗೆ ಮುಗಿಯಿತು. ಗುಮ್ಮಟದ ಭಾರ ಕೆಳಗಿಳಿಯುವುದಷ್ಟೇ ಅಲ್ಲ, ಬುಡವನ್ನು ಹೊರಕ್ಕೂ ನೂಕುತ್ತದೆ. ಗೋರಿಯಂಥ ಸಣ್ಣ ಕಟ್ಟಡದಲ್ಲಿ ದಪ್ಪ ಗೋಡೆಯೇ ಆ ನೂಕನ್ನು ತಡೆದುಕೊಳ್ಳುತ್ತದೆ. ಆದರೆ ಮಸೀದಿಯಲ್ಲಿ ನಮಾಜಿನ ಸಾಲುಗಳಿಗೆ ಅಡ್ಡಗೋಡೆ ಬರಕೂಡದು. ಹಾಗಾಗಿ ಗುಮ್ಮಟವನ್ನು ನಾಲ್ಕು ಕಮಾನುಗಳ ಮೇಲೆ ಕೂರಿಸಿ, ಕಮಾನಿನ ಬೆನ್ನಿಗೆ ಅರೆಗುಮ್ಮಟದ ಒತ್ತು ಕೊಡುತ್ತಾರೆ.

ಇಲ್ಲಿ ಹಿಂದೆ ಗುಡ್ಡ, ಮುಂದೆ ನೀರು. ಜಾಗ ಇಕ್ಕಟ್ಟು. ಅಂಗಳಕ್ಕೂ ಎಡೆಯಿಲ್ಲದೆ ಸಿನಾನ್ ಒಂದರ ಮುಂದೊಂದು ಎರಡು ಪಡಸಾಲೆ ಕೊಟ್ಟ. ಹೊರಗಿನದಕ್ಕೆ ಇಳಿಜಾರು ಮಾಡು. ಬಾಗಿಲ ಕಡೆಯ ಅರೆಗುಮ್ಮಟವನ್ನು ಬಿಟ್ಟದ್ದರಿಂದ, ಬಾಗಿಲು ದಾಟಿದ ಕೂಡಲೇ ನೇರ ದೊಡ್ಡ ಗುಮ್ಮಟದ ಅಡಿಗೆ ಬಂದಿರುತ್ತೀರಿ. ಆದರೆ ಒಳಗೆ ಬೆಳಕು ಸ್ವಲ್ಪ ಕಡಿಮೆಯೇ. ಅದೇ ಮಿಹ್ರಿಮಾಳ ಹೆಸರಿನಲ್ಲಿ ಆಚೆ ದಡದ ಎದಿರ್ನೆಕಾಪಿಯಲ್ಲಿ ಸಿನಾನ್ ಆಮೇಲೆ ಕಟ್ಟಿದ ಮಸೀದಿಯಲ್ಲಿ ಅರೆಗುಮ್ಮಟವೇ ಇಲ್ಲ. ಕಮಾನಿನ ಕೆಳಗೆಲ್ಲ ಕಿಟಕಿಗಳು. ಚಂದ ಅದೇ ಹೆಚ್ಚು. ಭೂಕಂಪದಲ್ಲಿ ಪೆಟ್ಟು ತಿಂದದ್ದೂ ಅದೇ: 1894ರಲ್ಲಿ ಒಮ್ಮೆ, 1999ರಲ್ಲಿ ಮತ್ತೊಮ್ಮೆ.

ಪ್ರಶ್ನೆ: ಉಸ್ಕುದಾರಿಗೆ ಅರ್ಧ ದಿನ ಇಟ್ಟುಕೊಂಡಿದ್ದೇವೆ. ಜೊತೆಗೆ ವಯಸ್ಸಾದ ಅತ್ತೆಯವರಿದ್ದಾರೆ. ಯಾವ ಕ್ರಮದಲ್ಲಿ ನೋಡುವುದು?
– ಓದುಗರು, ಚಿಂತಾಮಣಿ

ಉತ್ತರ: ಮೇಲಿನಿಂದ ಕೆಳಕ್ಕೆ ಬನ್ನಿ. ಆಚೆ ದಡದ ಸಿರ್ಕೆಜಿಯಿಂದ ಮರ್ಮರಾಯ್ ರೈಲಿನಲ್ಲಿ ಸಮುದ್ರದಡಿ ಒಂದೇ ನಿಲ್ದಾಣ. ಹೊರಬಂದ ಮೇಲೆ ಟ್ಯಾಕ್ಸಿ ಹಿಡಿದು ಮೊದಲು ಚಿನಿಲಿ ಮಸೀದಿಗೆ ಹೋಗಿ. ಅದು ಚಿಕ್ಕದು, ನಮಾಜಿನ ಹೊತ್ತಲ್ಲದಿದ್ದರೆ ಬಾಗಿಲು ಹಾಕಿರುವುದೂ ಉಂಟು. ನಮಾಜು ಮುಗಿಯುವ ವೇಳೆಗೆ ತಲುಪಿದರೆ ಒಳ್ಳೆಯದು. ಅಲ್ಲಿಂದ ಅತಿಕ್ ವಾಲಿದೆ ಮಸೀದಿ ಹತ್ತಿರ.

ಇವೆರಡನ್ನೂ ಒಂದರ ಬೆನ್ನಿಗೊಂದು ನೋಡುವುದರಲ್ಲೇ ಸೊಗಸಿದೆ. ಅತಿಕ್ ವಾಲಿದೆ ಸುಲ್ತಾನ್ ಮೂರನೇ ಮುರಾದನ ತಾಯಿ ನೂರ್‌ಬಾನು ಕಟ್ಟಿಸಿದ್ದು, ಸಿನಾನನದೇ ಕೆಲಸ, 16ನೇ ಶತಮಾನದ್ದು. ಮಿಹ್ರಾಬಿನ (ಮೆಕ್ಕಾದ ದಿಕ್ಕು ತೋರಿಸುವ ಗೋಡೆಯ ಗೂಡು) ಅಕ್ಕಪಕ್ಕ ಗೋಡೆಗೆ ಹಚ್ಚಿದ ಇಜ್ನಿಕ್ ಊರಿನ ಬಣ್ಣದ ಹೆಂಚುಗಳಲ್ಲಿ ಕೆಂಪು ಬಣ್ಣ ಮೇಲ್ಮೈಯಿಂದ ಉಬ್ಬಿ ನಿಂತಿರುತ್ತದೆ (ಮುಟ್ಟಬೇಡಿ, ಓರೆಯಾಗಿ ನಿಂತು ನೋಡಿ). 1640ರ ಚಿನಿಲಿಯ ಹೊತ್ತಿಗೆ ಆ ಕೆಂಪಿನ ಕಾಲ ಮುಗಿದಿತ್ತು. ಅಲ್ಲಿ ನೀಲಿಯದೇ ದರ್ಬಾರು.

ಆಮೇಲೆ ಇಳಿಜಾರಿನಲ್ಲಿ ದಡದ ಚೌಕಕ್ಕೆ ಬಂದು, 1710ರ ಯೆನಿ ವಾಲಿದೆ ಮಸೀದಿಯ ಗೋಡೆಯ ಮೇಲಿರುವ ಕಲ್ಲಿನ ಹಕ್ಕಿಗೂಡುಗಳನ್ನು ನೋಡಿ. ಮಿಹ್ರಿಮಾ ಎದುರಿಗೇ ಇದೆ. ಸಂಜೆಗೆ ನೀರಂಚಿನ ಪುಟ್ಟ ಶೆಮ್ಸಿ ಪಾಷಾ ಮಸೀದಿ. ಶುಕ್ರವಾರ ಮಧ್ಯಾಹ್ನ ಬೇಡ. ಹೆಂಗಸರು ತಲೆಗೆ ದುಪಟ್ಟಾ ಹಾಕಿಕೊಳ್ಳಬೇಕು, ಗಂಡಸರು ಚಡ್ಡಿಯಲ್ಲಿ ಹೋಗಬಾರದು, ನಮಾಜು ಮಾಡುತ್ತಿರುವವರ ಮುಂದೆ ಹಾಯಬಾರದು.

ಪ್ರಶ್ನೆ: ಆ ಗುಮ್ಮಟಗಳ ಮೇಲಿನ ಬೂದುಬಣ್ಣದ ಹೊದಿಕೆ ಸಿಮೆಂಟೇ?
– ಗಾರೆ ಮೇಸ್ತ್ರಿ, ಮಾಲೂರು

ಉತ್ತರ: ಸೀಸದ ತಗಡು. ಇಟ್ಟಿಗೆ ಗುಮ್ಮಟದ ಮೇಲೆ ಹುಲ್ಲು ಕಲಸಿದ ಜೇಡಿಮಣ್ಣು ಮೆತ್ತಿ, ಅದರ ಮೇಲೆ ತಗಡು ಹಾಸಿ ಅಂಚುಗಳನ್ನು ಒಂದಕ್ಕೊಂದು ಮಡಚುತ್ತಾರೆ. ಬೆಸುಗೆ ಹಾಕುವುದಿಲ್ಲ. ಬಿಸಿಲಿಗೆ ಸೀಸ ತುಂಬ ಹಿಗ್ಗುತ್ತದೆ, ಬಿಗಿದಿಟ್ಟರೆ ಸೀಳುತ್ತದೆ. ಮಣ್ಣಿನ ಬದಲು ಹಸಿ ಸಿಮೆಂಟಿನ ಮೇಲೆ ಹಾಸಿದರೆ ಅದರ ಕ್ಷಾರ ತೇವದೊಂದಿಗೆ ಸೇರಿ ತಗಡನ್ನು ಅಡಿಯಿಂದ ತಿನ್ನುತ್ತದೆ. ಮೇಲಿನಿಂದ ಏನೂ ಕಾಣದು. ಸೋರಲು ಶುರುವಾದಾಗಲೇ ಗೊತ್ತಾಗುವುದು. ಕಲ್ಲುಗಳನ್ನು ಕೂಡಿಸುವ ಕಬ್ಬಿಣದ ಕೊಕ್ಕೆಗಳ ಸುತ್ತಲೂ ಕರಗಿಸಿದ ಸೀಸ ಹೊಯ್ಯುತ್ತಿದ್ದರು. ಅದು ಬಿಟ್ಟುಕೊಂಡು ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನೇ ಸೀಳುತ್ತದೆ.